ಮಹರ್ಷಿ ವಿಠ್ಠಲ ರಾಮಜಿ ಶಿಂದೆ

ಬಿ.ಎ. ಆದ ಮೇಲೆ ಮುಂದೇನು ಎಂಬ ಪ್ರಶ್ನೆ ಅಂತಿಮ ವರ್ಷದ ನಮ್ಮೆಲ್ಲರೆದುರು ನಿಂತಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ ನನಗೆ ಈ ಪ್ರಶ್ನೆ ಇನ್ನಷ್ಟು ಭಾರವಾಗಿದೆ. ಇದೇ ಪದವಿಯನ್ನು 1898ರಲ್ಲಿ ಪಡೆದು, ತಮ್ಮ ಬಾಳನ್ನೇ ಅಸ್ಪೃಶ್ಯತಾ ನಿವಾರಣೆಗೆ ಧಾರೆಯೆರೆದ ಕರ್ನಾಟಕದ ಒಬ್ಬ ಧರ್ಮೋಪದೇಶಕರ ಚರಿತ್ರೆಯನ್ನು ವಾಚಕರ ಮುಂದಿಡುತ್ತೇನೆ.

ವಿಠ್ಠಲ ರಾಮಜಿ ಶಿಂದೆಯವರು 1873ರ ಏಪ್ರಿಲ್ 23ರಂದು ಜಮಖಂಡಿಯಲ್ಲಿ ಜನಿಸಿದರು. ಮನೆಮಾತು ಮರಾಠಿ, ಊರಮಾತು ಕನ್ನಡ. ತಂದೆ ರಾಮಜಿಯವರು ಪಂಢರಪುರದ ವಿಠ್ಠಲನ ಭಕ್ತರು. ಬಡತನದಲ್ಲಿಯೇ ಪುಣೆಯ ಫರ್ಗ್ಯೂಸನ್ ಕಾಲೇಜು ಸೇರಿ ಪದವೀಧರರಾದರು. ಅತ್ತೆಮನೆಯಲ್ಲಿ ಕಷ್ಟಪಟ್ಟ ತಂಗಿ ಜನಾಬಾಯಿಯನ್ನು ಪುಣೆಗೆ ಕರೆತಂದು ಓದಿಸಿದರು. ವಕೀಲರಾಗಿ ಹಣ ಗಳಿಸುವ ಹಾದಿ ತೆರೆದಿದ್ದರೂ ಕಾನೂನಿನ ಅಭ್ಯಾಸವನ್ನು ನಡುವೆಯೇ ಬಿಟ್ಟು ಪ್ರಾರ್ಥನಾ ಸಮಾಜವನ್ನು ಸೇರಿದರು. 1901ರಲ್ಲಿ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿಗೆ ಹೋಗಿ ತೌಲನಿಕ ಧರ್ಮಶಾಸ್ತ್ರವನ್ನು ಅಭ್ಯಸಿಸಿ, 1903ರಲ್ಲಿ ಮರಳಿ ಮುಂಬಯಿ ಪ್ರಾರ್ಥನಾ ಸಮಾಜದ ಪ್ರಚಾರಕರಾದರು.

ದೇವರ ಮುಂದೆ ಎಲ್ಲರೂ ಸಮಾನರೆಂದು ವಾರವಾರವೂ ಉಪದೇಶಿಸುವುದು ಸುಲಭ. ಆ ಮಾತನ್ನು ಕೇರಿಯವರೆಗೆ ಒಯ್ಯುವವರು ವಿರಳ. 1905ರಲ್ಲಿ ಅಹಮದನಗರದ ಬಳಿಯ ಭಿಂಗಾರದಲ್ಲಿ ಮಹಾರ ಬಂಧುಗಳು ನಡುರಾತ್ರಿ ಸಭೆ ಕೂಡಿಸಿದಾಗ ಶಿಂದೆಯವರು ಅಲ್ಲಿಗೆ ಹೋಗಿ ಅವರ ಗೋಳನ್ನು ಕೇಳಿದರು. ತಮ್ಮ ಬಾಳು ಈ ಕೆಲಸಕ್ಕೇ ಮೀಸಲೆಂದು ಅಂದೇ ನಿಶ್ಚಯಿಸಿದರು. 1906ರ ಅಕ್ಟೋಬರ್ 18ರಂದು ಮುಂಬಯಿಯ ಪರಳದಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪಿತವಾಯಿತು. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಚಂದಾವರಕರರು ಅದರ ಅಧ್ಯಕ್ಷರು. ಶಾಲೆ, ವಸತಿಗೃಹ, ಕೈಕಸುಬಿನ ಶಿಕ್ಷಣ, ರೋಗಿಗಳ ಶುಶ್ರೂಷೆ ಒಂದೊಂದಾಗಿ ಆರಂಭವಾದವು. ಪತ್ನಿ ರುಕ್ಮಿಣಿಬಾಯಿ, ತಂಗಿ ಜನಾಬಾಯಿ ಇಬ್ಬರೂ ಈ ಸೇವೆಗೆ ಹೆಗಲು ಕೊಟ್ಟರು. ಹುಬ್ಬಳ್ಳಿ, ಮಂಗಳೂರುಗಳಲ್ಲಿಯೂ ಶಾಖೆಗಳು ನಡೆದವು.

ಸೇವೆಯೊಂದಿಗೆ ಹಕ್ಕಿನ ಹೋರಾಟವೂ ನಡೆಯಿತು. ಅಸ್ಪೃಶ್ಯರ ಮೇಲಿನ ನಿರ್ಬಂಧಗಳು ತೊಲಗಬೇಕೆಂದು 1917ರ ಕಲಕತ್ತೆಯ ಕಾಂಗ್ರೆಸ್ಸು ನಿರ್ಣಯ ಸ್ವೀಕರಿಸುವುದರ ಹಿಂದೆ ಅವರ ಪರಿಶ್ರಮವಿತ್ತು. 1929ರಲ್ಲಿ ಪುಣೆಯ ಪಾರ್ವತಿ ದೇವಾಲಯದ ಪ್ರವೇಶಕ್ಕಾಗಿ ನಡೆದ ಸತ್ಯಾಗ್ರಹಕ್ಕೆ ಬೆಂಬಲವಾಗಿ ನಿಂತರು. 1930ರ ಕಾಯಿದೆಭಂಗ ಚಳವಳಿಯಲ್ಲಿ ಯರವಡಾ ಸೆರೆಮನೆಯನ್ನು ಕಂಡರು. ಅಸ್ಪೃಶ್ಯತೆಯ ಚರಿತ್ರೆಯನ್ನು ಶೋಧಿಸಿ 1933ರಲ್ಲಿ ಮರಾಠಿಯಲ್ಲಿ ದೊಡ್ಡ ಗ್ರಂಥವನ್ನೇ ಬರೆದರು.

ಆದರೂ ಅವರ ಬಾಳಿನಲ್ಲಿ ಕಹಿಯೇ ಹೆಚ್ಚು. ಅಸ್ಪೃಶ್ಯರೊಡನೆ ಬೆರೆತುದಕ್ಕಾಗಿ ಸವರ್ಣೀಯರು ದೂರವಿಟ್ಟರು. ರಾಜಕೀಯ ಪ್ರಾತಿನಿಧ್ಯದ ವಿಷಯದಲ್ಲಿ ಡಾ. ಅಂಬೇಡ್ಕರರಿಗೂ ಅವರಿಗೂ ಭಿನ್ನಾಭಿಪ್ರಾಯವಿತ್ತು. ನೊಂದವರ ಪರವಾಗಿ ನೊಂದವರೇ ಮಾತನಾಡಬೇಕೆಂಬ ಕಾಲ ಬಂದಿತ್ತು. ಅದು ನ್ಯಾಯವೂ ಆಗಿತ್ತು. 1923ರಲ್ಲಿ ಶಿಂದೆಯವರು ತಾವೇ ಕಟ್ಟಿದ ಸಂಸ್ಥೆಯ ಹೊಣೆಯಿಂದ ಹೊರಬಂದರು. ಆದರೆ ಕೆಲಸವನ್ನು ಬಿಡಲಿಲ್ಲ. ಅವರ ನಿಜವಾದ ದೊಡ್ಡತನ ಇಲ್ಲಿದೆಯೆಂದು ನನ್ನ ಭಾವನೆ. 1944ರ ಜನವರಿ 2ರಂದು ಅವರು ನಿಧನರಾದರು.

ಇದೆಲ್ಲ ಹಳೆಯ ಕತೆಯೆಂದು ಯಾರೂ ತಿಳಿಯಬಾರದು. 2021ರಲ್ಲಿ ನಮ್ಮ ಜಿಲ್ಲೆಯದೇ ಆದ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ದಲಿತರ ಎಳೆಯ ಮಗುವೊಂದು ಹನುಮಂತನ ಗುಡಿಯೊಳಗೆ ಓಡಿತೆಂದು, ಶುದ್ಧಿಗಾಗಿ ತಂದೆತಾಯಿಗಳಿಂದ 25,000 ರೂಪಾಯಿ ಕೇಳಲಾಯಿತು. ಜಮಖಂಡಿಯ ಆ ಪದವೀಧರರು ಹಿಡಿದ ಕೆಲಸ ಮುಗಿದಿಲ್ಲ. ಅಳವಂಡಿಯಿಂದ, ಸುತ್ತಲಿನ ಹಳ್ಳಿಗಳಿಂದ ಪದವಿ ಪಡೆದು ಹೊರಡುವ ನಾವು ನೌಕರಿಯನ್ನು ಹುಡುಕೋಣ, ಅದು ಅವಶ್ಯ. ಅದರೊಡನೆ ನಮ್ಮ ನಮ್ಮ ಊರಿನ ಗುಡಿ, ಬಾವಿ, ಹೋಟೆಲುಗಳ ಬಾಗಿಲು ಎಲ್ಲರಿಗೂ ತೆರೆದಿದೆಯೇ ಎಂದು ನೋಡುವುದೂ ನಮ್ಮ ಕರ್ತವ್ಯವಾಗಿದೆ.