ನೂರ್ ಇನಾಯತ್ ಖಾನ್ ಮತ್ತು ನನ್ನ ಒಂದು ಸ್ಟೇಟಸ್

ಕಳೆದ ಜನವರಿ 27ರಂದು ನಾನು ಮೊಬೈಲ್‌ನಲ್ಲಿ ಒಂದು ಸ್ಟೇಟಸ್ ಹಾಕಿದ್ದೆ. ಹಿಟ್ಲರನ ನಾಜಿ ಆಡಳಿತ ಕೊಂದ ಸುಮಾರು 60 ಲಕ್ಷ ಯಹೂದಿಗಳನ್ನು ನೆನೆಯಲು ವಿಶ್ವಸಂಸ್ಥೆ ಗೊತ್ತುಮಾಡಿದ ದಿನವದು. ನಮ್ಮ ನಾಡಿಗೆ ಸಂಬಂಧಪಟ್ಟವರೊಬ್ಬರ ಹೆಸರೂ ಆ ದಿನ ಕೇಳಿಬರಲಿ ಎಂಬ ಆಸೆಯಿಂದ, ಎಲ್ಲಿಂದಲೋ ಬಂದ ರೀಲ್ ಒಂದನ್ನು ಹಾಗೇ ಹಂಚಿಕೊಂಡೆ. ನೂರ್ ಇನಾಯತ್ ಖಾನ್ ಟಿಪ್ಪು ಸುಲ್ತಾನರ ಮೊಮ್ಮಗಳು, ಗ್ಯಾಸ್ ಚೇಂಬರಿನಲ್ಲಿ ಪ್ರಾಣಬಿಟ್ಟವರು ಎಂದು ಅದರಲ್ಲಿತ್ತು. ಸಂಜೆಯೊಳಗೆ ನೂರಕ್ಕೂ ಹೆಚ್ಚು ಮಂದಿ ನೋಡಿದ್ದರು.

ಮರುದಿನ ಇತಿಹಾಸದ ಮೇಡಂ ಕೇಳಿದ್ದು ಇಷ್ಟೇ: ಟಿಪ್ಪು ತೀರಿಕೊಂಡದ್ದು ಯಾವಾಗ, ನೂರ್ ಹುಟ್ಟಿದ್ದು ಯಾವಾಗ ಎಂದು. 1799 ಮತ್ತು 1914. ನಡುವೆ 115 ವರ್ಷ! ಮೊಮ್ಮಗಳು ಎಂಬ ಮಾತು ಅಲ್ಲೇ ಬಿದ್ದುಹೋಯಿತು. ಅದರಲ್ಲಿದ್ದ ಚಿತ್ರವೂ ನೂರ್ ಅವರದಲ್ಲ, ಸಿನಿಮಾದಲ್ಲಿ ಅವರ ಪಾತ್ರ ಮಾಡಿದ ನಟಿಯದು ಎಂದು ಆಮೇಲೆ ತಿಳಿಯಿತು. ಸ್ಟೇಟಸ್ ಅಳಿಸಿದೆ. ಆದರೆ ನೋಡಿದವರ ತಲೆಯಿಂದ ಅಳಿಸಲು ಆಗುವುದಿಲ್ಲವಲ್ಲ. ಅದಕ್ಕೇ ಈ ಸಲ ಓದಿಕೊಂಡು ಬರೆಯುತ್ತಿದ್ದೇನೆ.

ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಂದೆ ಹಜ್ರತ್ ಇನಾಯತ್ ಖಾನ್ ಬರೋಡಾದವರು, ಸಂಗೀತಗಾರರು, ಸೂಫಿ ಗುರು. ಅವರ ತಾಯಿಯ ಕಡೆಯ ನಂಟು ಮೈಸೂರಿನ ಟಿಪ್ಪು ಸುಲ್ತಾನರ ಮನೆತನದ್ದು. ನೂರ್ ಅವರ ತಾಯಿ ಅಮೆರಿಕದವರು. ಕುಟುಂಬ ಮೊದಲು ಲಂಡನ್ನಿನಲ್ಲಿ, 1920ರ ನಂತರ ಪ್ಯಾರಿಸ್ ಪಕ್ಕದ ಊರೊಂದರಲ್ಲಿ ನೆಲೆಸಿತು. 1927ರಲ್ಲಿ ತಂದೆ ದೆಹಲಿಯಲ್ಲಿ ತೀರಿಕೊಂಡಾಗ ನೂರ್‌ಗೆ 13 ವರ್ಷ. ತಾಯಿ ದುಃಖದಲ್ಲಿ ಕುಸಿದುಹೋದರು. ಮೂವರು ತಮ್ಮ ತಂಗಿಯರ ಜವಾಬ್ದಾರಿ ಹಿರಿಯ ಮಗಳ ಹೆಗಲಿಗೆ ಬಂತು.

ಅಂಥ ಮನೆಯಲ್ಲೂ ಅವರು ಓದು ಬಿಡಲಿಲ್ಲ. ಸಂಗೀತ ಕಲಿತರು, ಮಕ್ಕಳ ಮನಶ್ಶಾಸ್ತ್ರ ಓದಿದರು, ಮಕ್ಕಳಿಗಾಗಿ ಕತೆ ಬರೆದರು. ಬುದ್ಧನ ಜಾತಕ ಕತೆಗಳಲ್ಲಿ 20ನ್ನು ಆರಿಸಿ ಅವರು ಮಕ್ಕಳಿಗಾಗಿ ಹೇಳಿದ ಪುಸ್ತಕ 1939ರಲ್ಲಿ ಹೊರಬಂತು. ಅದೇ ವರ್ಷ ಯುದ್ಧವೂ ಶುರುವಾಯಿತು.

1940ರಲ್ಲಿ ಜರ್ಮನ್ ಸೇನೆ ಫ್ರಾನ್ಸಿಗೆ ನುಗ್ಗಿದಾಗ ಕುಟುಂಬ ಇಂಗ್ಲೆಂಡಿಗೆ ಹೊರಟಿತು. ಅಹಿಂಸೆಯ ಮನೆಯಲ್ಲಿ ಬೆಳೆದ ನೂರ್ ಮತ್ತು ತಮ್ಮ ವಿಲಾಯತ್ ಆಗ ಕೂತು ಯೋಚಿಸಿದರು. ಇಂಥ ಕ್ರೌರ್ಯದ ಎದುರು ಸುಮ್ಮನಿರುವುದು ಸರಿಯಲ್ಲ ಎಂದು ಅವರಿಗೆ ಅನಿಸಿತು. ನೂರ್ ಬ್ರಿಟನ್ ವಾಯುಪಡೆಯ ಮಹಿಳಾ ದಳಕ್ಕೆ ಸೇರಿ ವೈರ್‌ಲೆಸ್ ಕಲಿತರು. ಮುಂದೆ ಗುಪ್ತ ಕಾರ್ಯಾಚರಣೆಯ ಸಂಸ್ಥೆ ಅವರನ್ನು ಆರಿಸಿಕೊಂಡಿತು. 1943ರ ಜೂನ್ 16ರ ರಾತ್ರಿ ವಿಮಾನ ಹತ್ತಿದರು. ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಬ್ರಿಟನ್ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವರೇ.

ಕೆಲವೇ ದಿನಗಳಲ್ಲಿ ಜೊತೆಗಾರರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಲಂಡನ್ ಹಿಂದಿರುಗಲು ಹೇಳಿತು. ತಾವೂ ಹೊರಟರೆ ಪ್ಯಾರಿಸ್‌ನಿಂದ ಸುದ್ದಿ ಕಳಿಸುವವರೇ ಇರುವುದಿಲ್ಲವೆಂದು ನೂರ್ ಒಪ್ಪಲಿಲ್ಲ. ಭಾರದ ಯಂತ್ರ ಹೊತ್ತು ಮನೆಯಿಂದ ಮನೆಗೆ ಅಲೆದರು. ಒಂದೇ ಕಡೆ ಹೆಚ್ಚು ಹೊತ್ತು ಸಂದೇಶ ಕಳಿಸಿದರೆ ಜರ್ಮನರ ವಾಹನ ಜಾಗ ಪತ್ತೆಮಾಡುತ್ತಿತ್ತು. ಹೀಗೆ ಸುಮಾರು ನಾಲ್ಕು ತಿಂಗಳು. ಅಕ್ಟೋಬರ್‌ನಲ್ಲಿ ಯಾರೋ ಸುಳಿವು ಕೊಟ್ಟಿದ್ದರಿಂದ ಬಂಧನವಾಯಿತು.

ಅವರಿಂದಲೂ ಒಂದು ತಪ್ಪಾಗಿತ್ತು. ಕಳಿಸಿದ ಸಂದೇಶಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅದು ಜರ್ಮನರ ಕೈಸೇರಿತು. ಅವರು ನೂರ್ ಹೆಸರಿನಲ್ಲೇ ಸಂದೇಶ ಕಳಿಸತೊಡಗಿದರು. ಲಂಡನ್ ಪರೀಕ್ಷಿಸದೆ ನಂಬಿತು. ಹೊಸದಾಗಿ ಬಂದಿಳಿದವರು ನೇರ ಶತ್ರುವಿನ ಕೈಗೆ ಬಿದ್ದರು. ಇದನ್ನು ಓದುವಾಗ ನನಗೆ ನನ್ನ ಸ್ಟೇಟಸ್ ನೆನಪಾಯಿತು. ಪರಿಚಿತ ಹೆಸರಿನಿಂದ ಬಂದ ಮಾತೆಲ್ಲ ನಿಜವಲ್ಲ.

ವಿಚಾರಣೆಯಲ್ಲಿ ನೂರ್ ಬಾಯಿಬಿಡಲಿಲ್ಲ. ಎರಡು ಸಲ ತಪ್ಪಿಸಿಕೊಳ್ಳಲು ನೋಡಿ ಸಿಕ್ಕಿಬಿದ್ದ ಮೇಲೆ ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿಗೆ ಕಳಿಸಿದರು. ಅಲ್ಲಿ ಕೈಕಾಲಿಗೆ ಸಂಕೋಲೆ, ಹತ್ತು ತಿಂಗಳ ಒಂಟಿ ಕೋಣೆ. ಅವರನ್ನು ಸೇರಿಸಿದ್ದ ವರ್ಗದ ಹೆಸರು ರಾತ್ರಿ ಮತ್ತು ಮಂಜು. ಅಂದರೆ ಕೈದಿ ಎಲ್ಲಿ ಹೋದರೆಂದು ಯಾರಿಗೂ ತಿಳಿಯದಂತೆ ಮಾಯ ಮಾಡುವುದು. ಆದರೂ ನೂರ್ ಊಟದ ಪಾತ್ರೆಯ ತಳದಲ್ಲಿ ಗೀಚಿ, ಬೇರೆ ಕೈದಿಗಳಿಗೆ ತಮ್ಮ ಸುದ್ದಿ ಮುಟ್ಟಿಸಿದರು. 1944ರ ಸೆಪ್ಟೆಂಬರ್ 13ರಂದು ಡಾಖೌ ಶಿಬಿರದಲ್ಲಿ ಅವರನ್ನೂ ಇನ್ನೂ ಮೂವರು ಮಹಿಳೆಯರನ್ನೂ ಗುಂಡಿಟ್ಟು ಕೊಂದರು. ಗ್ಯಾಸ್ ಚೇಂಬರ್ ಅಲ್ಲ. ನೂರ್‌ಗೆ ಆಗ 30 ವರ್ಷ. 1949ರಲ್ಲಿ ಬ್ರಿಟನ್ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಗೌರವ ನೀಡಿತು.

ಯುದ್ಧ ಮುಗಿದ ಮೇಲೂ ಒಂದು ಗೊಂದಲ ಉಳಿದಿತ್ತು. ನೂರ್ ಸತ್ತದ್ದು ನಾಟ್ಸ್‌ವೈಲರ್ ಎಂಬ ಬೇರೆ ಶಿಬಿರದಲ್ಲಿ ಎಂದು ಮೊದಲು ನಂಬಲಾಗಿತ್ತು. ವೆರಾ ಆಟ್ಕಿನ್ಸ್ ಎಂಬ ಅಧಿಕಾರಿ ಜರ್ಮನಿಗೇ ಹೋಗಿ ಸಾಕ್ಷಿಗಳನ್ನು ವಿಚಾರಿಸಿದ್ದರು. ಅವರ ಮೊದಲ ತೀರ್ಮಾನವೂ ಅದೇ ಆಗಿತ್ತು. 1947ರಲ್ಲಿ ಹೊಸ ಸಾಕ್ಷ್ಯ ಸಿಕ್ಕಾಗ ಅದನ್ನು ತಿದ್ದಿದರು. ಅಲ್ಲಿ ಸತ್ತಿದ್ದವರು ಸೋನಿಯಾ ಓಲ್‌ಶಾನೆಸ್ಕಿ ಎಂಬ ಇನ್ನೊಬ್ಬ ಯುವತಿ. ಒಬ್ಬರ ವಿವರ ತಪ್ಪಾದರೆ ಇನ್ನೊಬ್ಬರ ಸಾವೇ ಲೆಕ್ಕಕ್ಕೆ ಸಿಗುವುದಿಲ್ಲ.

ನೂರ್ ಸತ್ತದ್ದು ಗೂಢಚಾರಿಣಿಯಾಗಿ. ಯಹೂದಿಗಳನ್ನು ಕೊಂದದ್ದು ಅವರು ಯಹೂದಿಗಳು ಎಂಬ ಒಂದೇ ಕಾರಣಕ್ಕೆ. ಅದು ಜನಾಂಗಹತ್ಯೆ. ಎರಡನ್ನೂ ಮಾಡಿದ ಕೈ ಒಂದೇ ಆದರೂ ವ್ಯತ್ಯಾಸ ಮರೆಯಬಾರದು. ಜನಾಂಗಹತ್ಯೆ ನಡೆದೇ ಇಲ್ಲ ಎನ್ನುವವರು ಇಂದಿಗೂ ಇದ್ದಾರೆ. ಅವರಿಗೆ ನನ್ನ ರೀಲ್‌ನಂಥ ಒಂದು ತಪ್ಪು ಸಿಕ್ಕರೆ ಸಾಕು.

ನಮ್ಮ ಬಸ್ರೂರಿನ ಹಳೆಯ ಶಾಸನಗಳಲ್ಲಿ ಹೆಸರುಗಳು ಕಲ್ಲಿನಲ್ಲಿ ಉಳಿದಿವೆ. ಶಿಬಿರಗಳಲ್ಲಿ ಸತ್ತ ಬಹುತೇಕರಿಗೆ ಗೋರಿಯೂ ಇಲ್ಲ. ಎಷ್ಟೋ ಜನರ ಗುರುತಾಗಿ ಉಳಿದಿರುವುದು ಕೊಂದವರೇ ಬರೆದಿಟ್ಟ ಕಾರ್ಡುಗಳು. ಜರ್ಮನಿಯ ಆರೋಲ್ಸನ್ ದಾಖಲೆ ಭಂಡಾರದಲ್ಲಿ ಸುಮಾರು 1.75 ಕೋಟಿ ಜನರ ವಿವರಗಳಿವೆ. ಅವುಗಳಲ್ಲಿ ಬಹುಪಾಲನ್ನು ಈಗ ಅಂತರ್ಜಾಲದಲ್ಲಿ ನೋಡಬಹುದು. 2020ರಿಂದ ಹಲವು ದೇಶಗಳ ವಿದ್ಯಾರ್ಥಿಗಳು ತಮ್ಮ ಕಂಪ್ಯೂಟರಿನಲ್ಲೇ ಆ ಕಾರ್ಡುಗಳನ್ನು ಓದಿ, ಹೆಸರು, ಹುಟ್ಟಿದ ದಿನ, ಊರು ಟೈಪ್ ಮಾಡುತ್ತಿದ್ದಾರೆ. ನಮ್ಮ ಕೈಯಲ್ಲಿರುವ ಅದೇ ಮೊಬೈಲ್, ಅದೇ ಇಂಟರ್ನೆಟ್.

ನೂರ್ ಎಂದರೆ ಬೆಳಕು. ಕಳೆದ ವಾರ ನಾನು ಹೊಸ ಸ್ಟೇಟಸ್ ಹಾಕಿದೆ. ಅವರದೇ ಚಿತ್ರ, ಸರಿಯಾದ ದಿನಾಂಕ, ಸರಿಯಾದ ಊರು, ಮೊದಲು ತಪ್ಪು ಹಾಕಿದ್ದೆ ಎಂಬ ಒಂದು ಸಾಲು. ಈ ಸಲ ನೋಡಿದವರು ನಲವತ್ತು ಮಂದಿ. ಉಳಿದವರಿಗಾಗಿ ಇಲ್ಲಿ ಬರೆದಿದ್ದೇನೆ.