ಕಟ್ಟಿದವರೇ ಎಚ್ಚರಿಸಿದ್ದರು

ಬಸ್ಸು ಸೇತುವೆ ದಾಟುವಾಗ ಅದನ್ನು ಕಟ್ಟಿದವರ ನೆನಪು ಯಾರಿಗೆ ಬರುತ್ತೆ ಸ್ವಾಮಿ? ಕುಸಿದರೆ ಮಾತ್ರ ಬರುತ್ತೆ. ಇಟಲಿಯ ಇಂಜಿನಿಯರ್ ರಿಕಾರ್ಡೊ ಮೊರಾಂಡಿಯವರ ಹಣೆಬರಹವೂ ಅದೇ.

1902ರಲ್ಲಿ ರೋಮಿನಲ್ಲಿ ಹುಟ್ಟಿದ ಇವರಿಗೆ ಕಾಂಕ್ರೀಟೆಂದರೆ ಪಂಚಪ್ರಾಣ. ಎತ್ತರದ ಗೋಪುರದಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ರಸ್ತೆಯನ್ನು ಎತ್ತಿ ಹಿಡಿಯುವ ಸೇತುವೆ ಇವರದು. ಜಿನೋವಾದಲ್ಲಂತೂ ಆ ಹಗ್ಗಗಳಿಗೂ ಕಾಂಕ್ರೀಟಿನ ಅಂಗಿ ತೊಡಿಸಿಬಿಟ್ಟರು! 1962ರಲ್ಲಿ ವೆನೆಜುವೆಲಾದ ಮರಕೈಬೊದಲ್ಲಿ, 1967ರಲ್ಲಿ ಇಟಲಿಯ ಜಿನೋವಾದಲ್ಲಿ ಸೇತುವೆಗಳನ್ನು ಕಟ್ಟಿದರು. ಎಲ್ಲೆಲ್ಲೂ ಹೊಗಳಿಕೆ. ಆದರೆ ಅಂಗಿಯೊಳಗಿನ ತುಕ್ಕು ಹೊರಗೆ ಕಾಣೋದಿಲ್ಲವಲ್ಲ?

ಸಮುದ್ರದ ಉಪ್ಪುಗಾಳಿ, ಕಾರ್ಖಾನೆ ಹೊಗೆ ಜಿನೋವಾ ಸೇತುವೆಯನ್ನು ತಿನ್ನುತ್ತಿವೆ, ತುಕ್ಕು ತೆಗೆಯಬೇಕು ಅಂತ 1979ರಲ್ಲಿ ಸ್ವತಃ ಮೊರಾಂಡಿಯವರೇ ವರದಿ ಬರೆದರು. 1989ರಲ್ಲಿ ತೀರಿಕೊಂಡರು. 1993ರಲ್ಲಿ ಒಂದು ಗೋಪುರದ ಹಗ್ಗಗಳನ್ನು ಭದ್ರಪಡಿಸಿದರು. 2018ರ ಆಗಸ್ಟ್ 14ರಂದು 43 ಜನರನ್ನು ಬಲಿ ತೆಗೆದುಕೊಂಡು ಕುಸಿದದ್ದು, ಹಾಗೆ ಭದ್ರಪಡಿಸದೆ ಬಿಟ್ಟಿದ್ದ ಇನ್ನೊಂದು ಗೋಪುರ.