ದಡ್ಡ ಎನ್ನುವ ಮೊದಲು: ಆಲ್ಫ್ರೆಡ್ ಬಿನೆ ಅವರ ಬದುಕು



ಬಸವನಗುಡಿಯಂಥ ಬಡಾವಣೆಯಲ್ಲಿ ಶಾಲೆಗಳಿಗೆ ಕೊರತೆಯಿಲ್ಲ. ಆದರೆ ಯಾವ ಶಾಲೆಗೆ ಹೋದರೂ ತರಗತಿಯಲ್ಲಿ ಒಬ್ಬಿಬ್ಬರು ಮಕ್ಕಳು ಪಾಠದಲ್ಲಿ ಹಿಂದೆ ಬಿದ್ದಿರುತ್ತಾರೆ. ಅಂಥವರಿಗೆ ನಾವು ಬಹು ಬೇಗ ದಡ್ಡ ಎಂಬ ಹೆಸರಿಟ್ಟುಬಿಡುತ್ತೇವೆ. ಆ ಮಗು ಏಕೆ ಹಿಂದೆ ಬಿದ್ದಿದೆ ಎಂದು ಕೇಳುವ ತಾಳ್ಮೆ ನಮಗಿರುವುದಿಲ್ಲ. ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಕೇಳಿದವರಲ್ಲಿ ಮೊದಲಿಗರು ಫ್ರಾನ್ಸಿನ ಆಲ್ಫ್ರೆಡ್ ಬಿನೆ. ಬಿ.ಎಡ್. ಓದುವ ನಿಮ್ಮಲ್ಲಿ ಹಲವರಿಗೆ ಅವರ ಹೆಸರು ಪರೀಕ್ಷೆಯ ಮಟ್ಟಿಗೆ ಗೊತ್ತು. ಅವರ ಬದುಕನ್ನೂ ತಿಳಿದುಕೊಳ್ಳುವುದು ಒಳ್ಳೆಯದು.

ಬಿನೆ ಹುಟ್ಟಿದ್ದು 1857ರ ಜುಲೈ 8ರಂದು, ನೀಸ್ ನಗರದಲ್ಲಿ. ತಂದೆ ವೈದ್ಯರು, ತಾಯಿ ಚಿತ್ರಕಲಾವಿದೆ. ತಂದೆ ತಾಯಿ ಬೇರೆಯಾದ ಮೇಲೆ ಬಾಲಕ ತಾಯಿಯ ಆಶ್ರಯದಲ್ಲಿ ಬೆಳೆದು, ಪ್ಯಾರಿಸ್ಸಿನಲ್ಲಿ ಓದಿದ. 1878ರಲ್ಲಿ ಕಾನೂನು ಪದವಿ ದೊರೆತರೂ ವಕೀಲಿಯಲ್ಲಿ ಮನಸ್ಸು ನಿಲ್ಲಲಿಲ್ಲ. ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು, ಗುರುವಿಲ್ಲದೆ, ತಾನೇ ಮನಶ್ಶಾಸ್ತ್ರ ಓದಿಕೊಂಡ.

ಮುಂದೆ ಬಿನೆ ಹೆಸರಾಂತ ನರರೋಗ ತಜ್ಞ ಶಾರ್ಕೋ ಅವರ ಆಸ್ಪತ್ರೆ ಸೇರಿದರು. ಅಲ್ಲಿ ಸಂಮೋಹನದ ಮೇಲೆ ನಡೆಸಿದ ಪ್ರಯೋಗಗಳು ಅವರಿಗೆ ಭಾರಿ ಅವಮಾನ ತಂದವು. ಅಯಸ್ಕಾಂತದಿಂದ ರೋಗಿಯ ದೇಹದ ಲಕ್ಷಣಗಳು ಒಂದು ಬದಿಯಿಂದ ಇನ್ನೊಂದಕ್ಕೆ ಸರಿಯುತ್ತವೆ ಎಂದು ಬಿನೆ ವಾದಿಸಿದ್ದರು. ಬೆಲ್ಜಿಯಮ್ಮಿನ ದೆಲ್ಬೂಫ್ ಎಂಬ ವಿದ್ವಾಂಸರು ಇದನ್ನು ಪರಿಶೀಲಿಸಿ, ಅಯಸ್ಕಾಂತದಲ್ಲಿ ಏನೂ ಇಲ್ಲ, ಪರೀಕ್ಷಕನ ಮನಸ್ಸಿನಲ್ಲಿರುವುದನ್ನು ರೋಗಿ ಗ್ರಹಿಸಿ ಹಾಗೆಯೇ ನಡೆದುಕೊಳ್ಳುತ್ತಾನೆ ಎಂದು ತೋರಿಸಿದರು. ಬಿನೆ ಕೊನೆಗೆ ತಪ್ಪನ್ನು ಒಪ್ಪಿಕೊಂಡು ಆ ಆಸ್ಪತ್ರೆಯನ್ನು ಬಿಟ್ಟರು. ಪರೀಕ್ಷಿಸುವವನ ನಿರೀಕ್ಷೆಯೇ ಫಲಿತಾಂಶವನ್ನು ಕೆಡಿಸಬಲ್ಲದು ಎಂಬ ಪಾಠವನ್ನು ಮಾತ್ರ ಜೀವಮಾನವಿಡೀ ಮರೆಯಲಿಲ್ಲ.

ಎರಡನೆಯ ಪಾಠ ಮನೆಯಲ್ಲೇ ಸಿಕ್ಕಿತು. ಮದ್ಲೆನ್ ಮತ್ತು ಆಲಿಸ್ ಎಂಬ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಅವರು ವರ್ಷಗಟ್ಟಲೆ ಗಮನಿಸಿದರು. ಒಬ್ಬಳು ಏಕಾಗ್ರತೆಯವಳು, ಇನ್ನೊಬ್ಬಳು ಕಲ್ಪನೆಯಲ್ಲಿ ತೇಲುವವಳು. ಒಂದೇ ತಾಯಿಯ ಮಕ್ಕಳು ಹೀಗೆ ಬೇರೆ ಬೇರೆ ದಾರಿಯಲ್ಲಿ ಯೋಚಿಸುವುದಾದರೆ, ಬುದ್ಧಿ ಎಂಬುದು ಒಂದೇ ಅಚ್ಚಿನದ್ದಲ್ಲ ಎಂದು ಅವರಿಗೆ ಮನವರಿಕೆಯಾಯಿತು. ಆ ಕಾಲದಲ್ಲಿ ತಲೆಯ ಗಾತ್ರದಿಂದ ಬುದ್ಧಿಯನ್ನು ಅಳೆಯುವ ರೂಢಿಯಿತ್ತು. ಬಿನೆ ಶಾಲಾ ಮಕ್ಕಳ ತಲೆಗಳನ್ನು ಅಳೆದು ನೋಡಿದರು. ಜಾಣರಿಗೂ ಹಿಂದುಳಿದವರಿಗೂ ಇದ್ದ ಅಂತರ ತೀರ ಅಲ್ಪ. ಅದರಲ್ಲೂ ತನ್ನ ನಿರೀಕ್ಷೆಯ ಪಾಲೆಷ್ಟು ಎಂಬ ಅನುಮಾನ ಅವರಿಗೆ ಬಂತು.

ಮೂವತ್ತು ಪ್ರಶ್ನೆಗಳು

ಫ್ರಾನ್ಸಿನಲ್ಲಿ 1882ರಿಂದ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಿತ್ತು. ಎಲ್ಲ ಮಕ್ಕಳೂ ಶಾಲೆಗೆ ಬಂದಾಗ, ಪಾಠ ಹಿಡಿಯಲಾಗದ ಮಕ್ಕಳ ಗತಿಯೇನು ಎಂಬ ಪ್ರಶ್ನೆ ಎದ್ದಿತು. ಸರಕಾರ 1904ರಲ್ಲಿ ಒಂದು ಆಯೋಗ ರಚಿಸಿತು. ಬಿನೆ ಅದರ ಸದಸ್ಯರಾದರು. ಶಿಕ್ಷಕರ ಅಭಿಪ್ರಾಯವೊಂದನ್ನೇ ನಂಬಿದರೆ, ತುಂಟ ಮಗುವನ್ನೂ ಕಿವಿ ಮಂದವಾದ ಮಗುವನ್ನೂ ಬುದ್ಧಿಮಾಂದ್ಯರ ಸಾಲಿಗೆ ತಳ್ಳುವ ಅಪಾಯವಿತ್ತು. ಆದ್ದರಿಂದ ಯುವ ವೈದ್ಯ ಥಿಯೊಡೋರ್ ಸಿಮೋನ್ ಜೊತೆಗೂಡಿ 1905ರಲ್ಲಿ 30 ಪ್ರಶ್ನೆಗಳ ಮಾಪನವೊಂದನ್ನು ಅವರು ಸಿದ್ಧಪಡಿಸಿದರು. ಉರಿಯುವ ಬೆಂಕಿಕಡ್ಡಿಯನ್ನು ಮಗುವಿನ ಕಣ್ಣು ಹಿಂಬಾಲಿಸುವುದೇ ಎಂಬಲ್ಲಿಂದ ಅದು ಆರಂಭವಾಗಿ, ಕಣ್ಣಿಗೆ ಕಾಣದ ಭಾವಗಳ ವ್ಯತ್ಯಾಸ ಹೇಳುವವರೆಗೆ ಸಾಗುತ್ತಿತ್ತು. 1908ರಲ್ಲಿ ಅದನ್ನು 3ರಿಂದ 13ರ ವಯಸ್ಸಿಗೆ ಅನುಗುಣವಾಗಿ ಜೋಡಿಸಿದರು.

ಇಲ್ಲೊಂದು ಮಾತನ್ನು ಗಮನಿಸಿ. ಈ ಮಾಪನ ಮಕ್ಕಳನ್ನು ಶಾಲೆಯಿಂದ ಹೊರಹಾಕಲು ಹುಟ್ಟಿದ್ದಲ್ಲ. ನೆರವು ಯಾರಿಗೆ ಬೇಕೆಂದು ಗುರುತಿಸಲು ಹುಟ್ಟಿದ್ದು. ಹುಟ್ಟುವಾಗ ಬಂದ ಬುದ್ಧಿ ಕೊನೆಯವರೆಗೂ ಅಷ್ಟೇ ಎಂಬ ನಿರಾಶಾವಾದವನ್ನು ಬಿನೆ 1909ರ ತಮ್ಮ ಪುಸ್ತಕದಲ್ಲಿ ಕಟುವಾಗಿ ಖಂಡಿಸಿದರು. ಗಮನ, ನೆನಪು, ವಿವೇಚನೆಗಳನ್ನು ಅಭ್ಯಾಸದಿಂದ ಬೆಳೆಸಬಹುದೆಂದು ನಂಬಿ, ಹಿಂದುಳಿದ ಮಕ್ಕಳಿಗೆ ಅಲುಗಾಡದೆ ನಿಲ್ಲುವಂಥ ಆಟಗಳ ಮೂಲಕ ತರಬೇತಿಯ ಮಾರ್ಗ ತೋರಿಸಿದರು. ಬ್ರಸೆಲ್ಸಿನ ಅನುಕೂಲಸ್ಥ ಮನೆಗಳ ಮಕ್ಕಳು ತಮ್ಮ ಪರೀಕ್ಷೆಯಲ್ಲಿ ಮುಂದಿದ್ದಾರೆ ಎಂದು ತಿಳಿದಾಗ, ಮನೆಯ ಮಾತು, ಪರಿಸರಗಳ ಪ್ರಭಾವದ ಬಗ್ಗೆಯೂ ಚಿಂತಿಸಿದರು. 1911ರ ಅಕ್ಟೋಬರ್ 18ರಂದು, ಕೇವಲ 54ರ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಅವರು ಹೋದ ಮೇಲೆ ಅವರ ಎಚ್ಚರಿಕೆಯನ್ನು ಜಗತ್ತು ಮರೆಯಿತು. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಬುದ್ಧಿಲಬ್ಧದ ಲೆಕ್ಕ ತಂದರು. ಅಮೆರಿಕದಲ್ಲಿ ಇಂಥ ಪರೀಕ್ಷೆಗಳನ್ನು ಹಿಡಿದು, ಇಂಗ್ಲಿಷ್ ಬಾರದ ವಲಸಿಗರನ್ನು ಮಂದಬುದ್ಧಿಯವರೆಂದು ಕರೆದದ್ದೂ ಉಂಟು.

ಕನ್ನಡಕ್ಕೆ ಬಂದ ಬಿನೆ

ನಮ್ಮ ನಾಡಿನ ಕತೆ ಬೇರೆ. 1930ರ ದಶಕದಲ್ಲಿ ಧಾರವಾಡದಲ್ಲಿ ಡಾ. ವಿ. ವಿ. ಕಾಮತ್ ಅವರು ಈ ಮಾಪನವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಫ್ರಾನ್ಸಿನ ನಾಣ್ಯಗಳ ಹೆಸರನ್ನು ನಮ್ಮ ಮಗುವಿಗೆ ಕೇಳಿ ಪ್ರಯೋಜನವೇನು? ಬರೀ ಅನುವಾದ ಸಾಲದು, ಇಲ್ಲಿನ ಮಕ್ಕಳನ್ನೇ ಪರೀಕ್ಷಿಸಿ ಅಳತೆಗೋಲು ನಿರ್ಧರಿಸಬೇಕು ಎಂದು ತಿಳಿದು ದುಡಿದರು. ಆ ಬಿನೆ-ಕಾಮತ್ ಪರೀಕ್ಷೆ ದೇಶದ ಅನೇಕ ಆಸ್ಪತ್ರೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿದೆ. ಅದರ ಅಳತೆ ಹಳೆಯದಾದ್ದರಿಂದ, ನುರಿತ ತಜ್ಞರು ಒಂದು ಅಂಕಿಯನ್ನೇ ನಂಬಿ ತೀರ್ಪು ಕೊಡುವುದಿಲ್ಲ.

ಓದುಗರೇ, ಇದರಿಂದ ನಾವು ಕಲಿಯಬೇಕಾದ್ದೇನು? ಐದಾರು ವರ್ಷಕ್ಕೆ ಮಗುವಿನ ಮೆದುಳು ದೊಡ್ಡವರ ಮೆದುಳಿನ ಗಾತ್ರದ ಶೇಕಡಾ 90ರಷ್ಟು ಬೆಳೆದಿರುತ್ತದೆ. ಹೆರಿಗೆಯಲ್ಲಿ ಉಸಿರು ಕಟ್ಟುವುದು, ಥೈರಾಯ್ಡ್ ಕೊರತೆ, ಫಿಟ್ಸ್, ಕಿವುಡು ಇವೆಲ್ಲ ಕಲಿಕೆಯನ್ನು ತಡೆಯಬಲ್ಲವು. ಡಿಸ್ಲೆಕ್ಸಿಯಾ ಇರುವ ಮಗು ಅಕ್ಷರ ಓದಲು ತಡವರಿಸಿದರೂ ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿರಬೇಕಿಲ್ಲ. ಮನೆಯಲ್ಲಿ ಉರ್ದು ಆಡುವ ಮಗುವನ್ನು ಅದಕ್ಕೆ ಬಾರದ ಭಾಷೆಯಲ್ಲಿ ಪರೀಕ್ಷಿಸಿದರೆ, ಜಾಣ ಮಗುವೂ ಮಂಕಾಗಿ ಕಾಣುತ್ತದೆ. ಪರೀಕ್ಷಕರಿಗೆ ಮನೆಮಾತು ಯಾವುದೆಂದು ಮೊದಲೇ ತಿಳಿಸುವುದು ಪೋಷಕರ ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಬೌದ್ಧಿಕ ನ್ಯೂನತೆಯ ಜೊತೆಗೆ ಕಲಿಕಾ ನ್ಯೂನತೆಯೂ ಸೇರಿದೆ.

ಬಸವನಗುಡಿಯಿಂದ ಲಾಲ್‌ಬಾಗ್ ದಾಟಿ ಹೊಸೂರು ರಸ್ತೆಗೆ ಬಂದರೆ ನಿಮ್ಹಾನ್ಸ್ ಇದೆ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ, 1974ರಲ್ಲಿ ಈಗಿನ ರೂಪ ಪಡೆದ ಈ ಸಂಸ್ಥೆಯಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ಅಲ್ಲಿಗೆ ಮಗುವನ್ನು ಕರೆದೊಯ್ಯುವುದು ನಾಚಿಕೆಯ ಸಂಗತಿಯಲ್ಲ. ನೆರೆಹೊರೆಯವರು ಏನೆಂದಾರು ಎಂದು ಹೆದರಿ ತಡಮಾಡಿದರೆ, ಕಳೆದುಹೋಗುವುದು ಮಗುವಿನ ಅಮೂಲ್ಯ ವರ್ಷಗಳು.

ಶಿಕ್ಷಕರಾಗಲಿರುವ ವಿದ್ಯಾರ್ಥಿಗಳೇ, ನಾಳೆ ನಿಮ್ಮ ತರಗತಿಯಲ್ಲೂ ಒಬ್ಬ ಹಿಂದುಳಿದ ಮಗು ಇರುತ್ತದೆ. ಅದರ ಕಣ್ಣು, ಕಿವಿ, ಮನೆಮಾತು, ಆರೋಗ್ಯ ಇವನ್ನೆಲ್ಲ ವಿಚಾರಿಸಿ. ಕಾರಣ ತಿಳಿದ ಮೇಲೆ ನೆರವಿನ ದಾರಿ ತಾನಾಗಿ ತೆರೆಯುತ್ತದೆ.